ಯಾವ ಮನೆಗೂ ಕೊಡದ ಫೋಟೋ

ಆಗಸ್ಟ್ 23, 1999, ಸೋಮವಾರ

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬಾಳೆಮಂಡಿಯವರ ಮನೆಯಿಂದ ಒಂದು ಪ್ಲಾಸ್ಟಿಕ್ ಚೀಲ ಬಂತು. ಒಳಗೆ ಇನ್ನೂರ ಹನ್ನೊಂದು ಮದುವೆ ಫೋಟೋ. “ಆಲ್ಬಮ್ಮಿಗೆ ಅಂಟಿಸಿಕೊಡಬೇಕಂತೆ. ನಿಮ್ಮಷ್ಟು ನೀಟಾಗಿ ಈ ಕಂಬಂನಲ್ಲಿ ಯಾರೂ ಅಂಟಿಸಲ್ವಂತೆ” ಎಂದು ತಂದವನು ಹೊಗಳಿದ.

ಅದೇ ಮನೆಯ ಮೂರು ಮದುವೆಗಳನ್ನು ತೆಗೆದದ್ದು ನನ್ನ ಗಂಡ ಮಾದವನ್. ಎರಡಕ್ಕೆ ಫ್ಲ್ಯಾಶ್ ಹಿಡಿದು ನಿಂತವಳು ನಾನು. ಕೊನೆಯದರಲ್ಲಿ ಅವರಿಗೆ ಕೆಮ್ಮು ಹೆಚ್ಚಾಗಿ ಅರ್ಧಕ್ಕರ್ಧ ತೆಗೆದವಳೂ ನಾನೇ. ಅವರು ತೀರಿಕೊಂಡು ಮೂರು ವರ್ಷವಾಯಿತು. ಕ್ಯಾಮೆರಾ ಅದೇ, ಕೈ ಅದೇ. ಆದರೆ ತಾಳಿ ಕಟ್ಟುವ ಹೊತ್ತಿಗೆ ಗಂಡ ಸತ್ತವಳು ಎದುರಿಗೆ ನಿಲ್ಲಬಾರದು. ಹಾಗಾಗಿ ಈ ಸಲದ ಮದುವೆಗೆ ತೇನಿಯಿಂದ ಯಾರನ್ನೋ ಕರೆಸಿದ್ದಾರೆ. ಅವನು ಹನ್ನೊಂದು ಫೋಟೋಗಳಲ್ಲಿ ಹುಡುಗಿಯ ತಾಯಿಯ ತಲೆ ಕತ್ತರಿಸಿದ್ದಾನೆ. ಎಣಿಸಿ ನೋಡಿದೆ. ತೆಗೆಯಲು ಆಗದ ನನ್ನ ಕೈ ಅಂಟಿಸಲು ಮಾತ್ರ ಆಗುತ್ತದೆ!

ಅತ್ತೆ ಕರುಪ್ಪಾಯಿ ಅಂಗಡಿಯ ಬೆಂಚಿನಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಾ ಎಲ್ಲ ನೋಡುತ್ತಿದ್ದರು. “ಅಂಟಿಸಿಕೊಟ್ಟು ಬುಡು ಅಭಿರಾಮಿ. ಇಲ್ದಿದ್ರೆ ಅದ್ಕೂ ಕರೆಯಲ್ಲ” ಎಂದರು. ಹೇಳಿದ್ದು ಸರಿಯೇ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಪೊಂಗಲ್ ಬರುವ ತೈ ತಿಂಗಳವರೆಗೆ ಸ್ಟುಡಿಯೋ ನಡೆಸಿ ನೋಡು, ಆಗದಿದ್ದರೆ ಅಂಗಡಿಯನ್ನು ಮೈದುನ ಈಶ್ವರನ್‌ಗೆ ಬಿಡು ಎಂದು ಮನೆಯಲ್ಲಿ ಮಾತಾಗಿದೆ. ಅವನು ಇಲ್ಲಿ ಗೊಬ್ಬರದ ಅಂಗಡಿ ಇಡುತ್ತಾನಂತೆ. ಇನ್ನು ಉಳಿದಿರುವುದು ಐದು ತಿಂಗಳು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ತಮಿಳು ಸೀಮೆಯಲ್ಲಿ ನಮ್ಮವರೆಲ್ಲ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬಾರದು. ಅಪ್ಪ ಬೆಂಗಳೂರಿನ ಮಿಲ್ಲಿನಲ್ಲಿದ್ದಾಗ ನಾನು ಏಳನೇ ಕ್ಲಾಸಿನವರೆಗೆ ಅಲ್ಲಿ ಓದಿದೆ. ಈ ನೋಟ್‌ಬುಕ್ ಯಾರ ಕೈಗೆ ಸಿಕ್ಕರೂ ಕೋಳಿ ಕೆದರಿದ ಹಾಗೆ ಕಾಣುತ್ತದೆ. ಒಳ್ಳೆಯದೇ ಆಯಿತು.

ಆಗಸ್ಟ್ 31, ಮಂಗಳವಾರ

ತೇನಿಗೆ ಹೋಗಿದ್ದೆ. ವಿಮಲ್ ಎಂಬವನು ಬಸ್ ಸ್ಟ್ಯಾಂಡ್ ಹತ್ತಿರ ಬ್ರೌಸಿಂಗ್ ಸೆಂಟರ್ ತೆರೆದಿದ್ದಾನೆ. ನಾಲ್ಕು ಕಂಪ್ಯೂಟರ್, ನಾಲ್ಕಕ್ಕೂ ಪರದೆ ಕಟ್ಟಿದ ಗೂಡು. ಹೋದ ವಾರ ಅದರ ಪೂಜೆಗೆ ಫೋಟೋ ತೆಗೆಯಲು ನನ್ನನ್ನು ಕರೆದಿದ್ದ. ಈ ವರ್ಷ ಶುಭಕಾರ್ಯಕ್ಕೆಂದು ನನ್ನನ್ನು ಕರೆದವನು ಅವನೊಬ್ಬನೇ. ನಮ್ಮ ಪೈಕಿಯವನೇ. ಕನ್ನಡ ಆಡಿದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಇಲ್ಲಿ ನನಗೆ ಬಂದ ಹಾಗೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

ಸ್ಟುಡಿಯೋ ಹೆಸರಿನಲ್ಲಿ ನೆಟ್‌ನಲ್ಲಿ ಒಂದು ಪೇಜ್ ಮಾಡಿಕೊಡುತ್ತಾನಂತೆ. ಹನ್ನೆರಡು ಫೋಟೋ, ವಿಳಾಸ, ಫೋನ್ ನಂಬರ್. ಕೆಳಗೆ ಒಂದು ಗೆಸ್ಟ್ ಬುಕ್. ನೋಡಿದವರು ಅದರಲ್ಲಿ ತಮಗೆ ತೋಚಿದ್ದು ಬರೆದು ಹೋಗಬಹುದು. ಎಷ್ಟು ಜನ ಬಂದರೆಂದು ತೋರಿಸಲು ಒಂದು ಕೌಂಟರ್ ಇರುತ್ತದೆ, ಪೆಟ್ರೋಲ್ ಬಂಕಿನ ಮೀಟರಿನ ಹಾಗೆ.

“ಯಾರು ನೋಡ್ತಾರೋ ಇದನ್ನ?” ಎಂದೆ.

“ಲೋಕವೇ ನೋಡುತ್ತೆ ಅಕ್ಕಾ. ಅಲ್ಲಿ ಯಾರೂ ನಿಮ್ಮ ಹಣೆ ನೋಡೋದಿಲ್ಲ. ಪಟ ಮಾತ್ರ ನೋಡ್ತಾರೆ.”

ಆ ಒಂದು ಮಾತಿಗೆ ಒಪ್ಪಿಕೊಂಡೆ. ಸುರುಳಿ ಜಲಪಾತ, ದ್ರಾಕ್ಷಿ ಚಪ್ಪರ, ಮೋಡ ಮುಚ್ಚಿದ ಮೇಘಮಲೆ, ಅತ್ತೆಯ ಎಲೆ ಚೀಲ, ಎಲ್ಲ ಸೇರಿ ಹನ್ನೊಂದು ಕೊಟ್ಟು ಬಂದೆ. ಅವನ ಮೆಷಿನ್ನು ಒಂದೊಂದನ್ನೂ ಹೀರಿಕೊಳ್ಳಲು ನಾಲ್ಕು ನಿಮಿಷ ತೆಗೆದುಕೊಂಡಿತು. ಹನ್ನೆರಡನೆಯದನ್ನು ಆಮೇಲೆ ತರುತ್ತೇನೆ ಎಂದೆ.

ಸೆಪ್ಟೆಂಬರ್ 8, ಬುಧವಾರ

ಪೆರಿಯಣ್ಣನ್ ಮಾಮಾ ಮಗಳನ್ನು ಕರೆದುಕೊಂಡು ಬಂದರು. ಅವರು ಸುರುಳಿಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವವರು, ದೂರದ ನಂಟು. ಮಗಳು ಅಮುದಾಗೆ ಇಪ್ಪತ್ತಮೂರು. ಟೈಪಿಂಗ್ ಹೈಯರ್ ಪಾಸ್ ಮಾಡಿ ನರ್ಸರಿ ಶಾಲೆಯೊಂದರ ಆಫೀಸಿನಲ್ಲಿದ್ದಾಳೆ. ಗಂಡಿನ ಮನೆಗೆ ಕೊಡಲು ಫೋಟೋ ಬೇಕು. ಈ ಕೆಲಸಕ್ಕೆ ಮಾತ್ರ ನನ್ನ ಹತ್ತಿರ ಬರುತ್ತಾರೆ. ಹೆಣ್ಣು ತೆಗೆದರೆ ಹುಡುಗಿಯರು ನಾಚುವುದಿಲ್ಲವಂತೆ!

ನಮ್ಮಲ್ಲಿ ಒಂದು ಕ್ರಮವಿದೆ. ಹುಡುಗಿಯ ಫೋಟೋ ಒಂದು ಸಲಕ್ಕೆ ಒಂದೇ ಮನೆಗೆ ಹೋಗುತ್ತದೆ. ಬೇಡವೆಂದರೆ ಜಾತಕದ ಜೊತೆ ವಾಪಸ್ ಬರಬೇಕು. ಬಂದ ಮೇಲೇ ಇನ್ನೊಂದು ಮನೆಗೆ. ಆದ್ದರಿಂದ ಸ್ಟುಡಿಯೋದವರು ನೆಗೆಟಿವ್ ಇಟ್ಟುಕೊಳ್ಳುವಂತಿಲ್ಲ, ಪ್ರಿಂಟ್ ಜೊತೆ ಹುಡುಗಿಯ ಮನೆಗೇ ಕೊಡಬೇಕು. ನನ್ನ ಗಂಡ ಇದರಲ್ಲಿ ಒಂದು ದಿನ ತಪ್ಪಿದವರಲ್ಲ. ನಾನೂ ತಪ್ಪಿಲ್ಲ.

ಅಮುದಾ ಮುಖ ಬಿಗಿದುಕೊಂಡು ಕೂತಿದ್ದಳು. ಐದು ತೆಗೆದರೂ ಐದೂ ರೇಷನ್ ಕಾರ್ಡಿನ ಫೋಟೋದ ಹಾಗೆ. ಅಷ್ಟರಲ್ಲಿ ಬೆಂಚಿನಿಂದ ಅತ್ತೆ, “ಮದ್ವೆ ಮಾಪ್ಳೆ ಮುಂದೆ ಹಿಂಗೇ ಮೊಖ ಇಟ್ರೆ ಅವ್ನು ಕಂಬಂ ಬಸ್ಸೇ ಹತ್ತಾಕಿಲ್ಲ ಕಣವ್ವಾ” ಎಂದರು. ಅವಳು ಕಿಟಕಿಯ ಕಡೆ ತಿರುಗಿ ನಕ್ಕುಬಿಟ್ಟಳು. ಆ ಕ್ಷಣ ಬೆರಳು ತಾನಾಗಿ ಒತ್ತಿತು.

ಸೆಪ್ಟೆಂಬರ್ 13, ಸೋಮವಾರ

ಲ್ಯಾಬಿನಿಂದ ಪ್ರೂಫ್ ಪ್ರಿಂಟುಗಳು, ಆರಿಸಲೆಂದು ತೋರಿಸುವ ಸಣ್ಣ ಪ್ರತಿಗಳು, ಬಂದವು. ಆರನೆಯದು, ನಗುವುದು, ನಾನು ಇದುವರೆಗೆ ತೆಗೆದ ಫೋಟೋಗಳಲ್ಲೇ ಚೆನ್ನಾದದ್ದು. ಕಿಟಕಿಯ ಬೆಳಕು ಕೆನ್ನೆಯ ಅರ್ಧಕ್ಕೆ ಬಂದು ನಿಂತಿದೆ. ಒಂದು ಕೂದಲೆಳೆ ಕೂಡ ಲೆಕ್ಕಕ್ಕೆ ಸಿಗುತ್ತದೆ.

ನೋಡಲು ಬಂದ ಪೆರಿಯಣ್ಣನ್ ಮಾಮಾ ಅದನ್ನು ಬದಿಗೆ ಸರಿಸಿದರು. “ಹಲ್ಲು ಕಾಣೋ ಪಟ ಯಾವ ಮನೆಗೆ ಕೊಡಾದು ತಾಯಿ?” ಎಂದು ಎರಡನೆಯದನ್ನು ಆರಿಸಿದರು. ಗೋಣಿಚೀಲದ ಹಾಗೆ ಮುಖ ಬಿಗಿದ ಎರಡನೆಯದು! ಮದುವೆ ಮಾತು ಆಡಬಾರದ ಪುರಟ್ಟಾಸಿ ತಿಂಗಳು ಕಳೆದ ಮೇಲೆ ಬತ್ತಲಗುಂಡಿನ ಮನೆಯೊಂದಕ್ಕೆ ಕೊಡುತ್ತಾರಂತೆ. ಮೂರು ದೊಡ್ಡ ಪ್ರಿಂಟ್ ಹಾಕಿಸಿ, ಆರೂ ನೆಗೆಟಿವ್ ಕವರಿನಲ್ಲಿಟ್ಟು ಕೊಡುವುದಾಗಿ ಹೇಳಿ ಕಳಿಸಿದೆ. ಅಷ್ಟು ಬೆಳಕು ದಂಡ.

ಸೆಪ್ಟೆಂಬರ್ 14, ಮಂಗಳವಾರ

ಎರಡು ವಾರಕ್ಕೆ ಕೌಂಟರ್ ಒಂಬತ್ತು. ಅದರಲ್ಲಿ ಏಳು ಸಲ ನೋಡಿದವನು ವಿಮಲ್. ಗೆಸ್ಟ್ ಬುಕ್ಕಿನಲ್ಲಿ ಒಂದೇ ಸಾಲು, ಅದೂ ಅವನದೇ.

“ಜಲಪಾತ ಎಲ್ಲಾ ಊರಲ್ಲೂ ಇದೆ ಅಕ್ಕಾ. ಒಂದು ಮುಖ ಕೊಡಿ” ಎಂದ.

ಕೈಚೀಲದಲ್ಲಿ ಆರನೆಯ ಪ್ರೂಫ್ ಇತ್ತು. ಕೊಟ್ಟೆ. ಇದರಲ್ಲಿ ತಪ್ಪೇನೂ ಇಲ್ಲ. ನೆಗೆಟಿವ್ ಅವರಿಗೆ, ಆರಿಸಿದ ಪ್ರಿಂಟ್ ಅವರಿಗೆ. ಪ್ರೂಫ್ ಪ್ರಿಂಟ್ ಯಾವತ್ತಿದ್ದರೂ ಸ್ಟುಡಿಯೋದ್ದು. ಅವರೇ ಬೇಡವೆಂದು ಸರಿಸಿದ ಫೋಟೋ ಬೇರೆ. ಹೆಸರು ಹಾಕಬೇಡ ಎಂದು ಮಾತ್ರ ವಿಮಲ್‌ಗೆ ಹೇಳಿದೆ. “ಕಂಬಂ ಕಣಿವೆಯ ಹುಡುಗಿ” ಎಂದು ಹಾಕಿದ.

ಸೆಪ್ಟೆಂಬರ್ 28, ಮಂಗಳವಾರ

ನೂರ ಹದಿನೆಂಟು!

ಗೆಸ್ಟ್ ಬುಕ್ಕಿನಲ್ಲಿ ಹದಿನಾಲ್ಕು ಜನ ಬರೆದಿದ್ದಾರೆ. ಮದುರೈ, ಚೆನ್ನೈ, ದುಬೈ. ಕೆನಡಾದ ಒಬ್ಬರು ಬೆಳಕಿನ ಬಗ್ಗೆಯೇ ನಾಲ್ಕು ಸಾಲು ಬರೆದಿದ್ದಾರೆ. ವಿಮಲ್ ಅದನ್ನು ಓದಿ ಹೇಳಿದಾಗ ಇನ್ನೊಮ್ಮೆ ಓದು ಎಂದೆ. ಮೂರು ವರ್ಷದಲ್ಲಿ ನನ್ನ ಬೆಳಕಿನ ಬಗ್ಗೆ ಈ ಊರಿನಲ್ಲಿ ಒಬ್ಬರಾದರೂ ಒಂದು ಮಾತಾಡಿದ್ದಾರೆಯೇ? ಅಂಟಿಸುವುದು ನೀಟು, ಅಷ್ಟೇ.

ಉಳಿದವರದ್ದು ಹುಡುಗಿಯ ಬಗ್ಗೆ. ಹೆಸರೇನು, ಯಾವ ಊರು, ಮದುವೆಯಾಗಿದೆಯಾ. ಒಬ್ಬ ಏನೋ ಕೆಟ್ಟದಾಗಿಯೂ ಬರೆದಿದ್ದ, ವಿಮಲ್ ಓದಲಿಲ್ಲ, ಜಾರಿಸಿದ. “ಜನ ಅಂದ್ಮೇಲೆ ಎಲ್ಲಾ ಥರ ಇರ್ತಾರೆ ಅಕ್ಕಾ. ಸಂಖ್ಯೆ ನೋಡಿ.” ಸಂಖ್ಯೆ ನೋಡಿದೆ.

ಅಕ್ಟೋಬರ್ 12, ಮಂಗಳವಾರ

ಮುನ್ನೂರ ಆರು. ಅದಲ್ಲ ವಿಷಯ.

ಕೊಡೈಕಾನಲ್‌ನ ಹೋಟೆಲ್ ಒಂದರಿಂದ ಮೇಲ್ ಬಂದಿದೆ. ಮ್ಯಾನೇಜರ್ ನಮ್ಮ ಪೇಜ್ ನೋಡಿದರಂತೆ. ಹೋಟೆಲ್‌ನ ಕೋಣೆ, ತೋಟ, ಅಡುಗೆಮನೆ, ಎಲ್ಲದರ ಫೋಟೋ ಬೇಕು. ಎರಡು ದಿನದ ಕೆಲಸ. ಚೆನ್ನಾಗಿ ಬಂದರೆ ಎರಡು ಸಾವಿರದ ಇಸವಿಯ ಕ್ಯಾಲೆಂಡರ್ ಕೂಡ ನಮಗೇ. ಹನ್ನೆರಡು ಹಾಳೆ, ಹನ್ನೆರಡರಲ್ಲೂ ಸ್ಟುಡಿಯೋ ಹೆಸರು!

ಈಶ್ವರನ್ ಸಂಜೆ ಅಂಗಡಿಗೆ ಬಂದು ಗೋಡೆ ಅಳೆಯುತ್ತಿದ್ದ. “ಅತ್ತಿಗೆ, ಇಲ್ಲಿ ಯೂರಿಯಾ ಮೂಟೆ ಎಷ್ಟು ಹಿಡೀಬಹುದು?” ಎಂದ.

“ನಿನ್ನ ತಲೆ ಮೇಲೆ ಎಷ್ಟು ಹಿಡಿಯುತ್ತೋ ಅಷ್ಟು” ಎಂದೆ. ಅತ್ತೆ ಎಲೆ ಉಗುಳಿ ನಕ್ಕರು.

ಅಕ್ಟೋಬರ್ 28, ಗುರುವಾರ

ಕೊಡೈನಿಂದ ಈಗ ಬಂದೆ. ಚಳಿಗೆ ಬೆರಳು ಮರಗಟ್ಟಿದ್ದರೂ ಒಂಬತ್ತು ರೋಲ್ ತೆಗೆದೆ. ಮ್ಯಾನೇಜರ್ ನನ್ನನ್ನು “ಮೇಡಂ” ಎಂದರು. ಗಂಡ ಎಲ್ಲಿ, ಗಂಡಸರು ಯಾರೂ ಬರಲಿಲ್ಲವಾ ಎಂದು ಒಬ್ಬರೂ ಕೇಳಲಿಲ್ಲ.

ರಿಸೆಪ್ಷನ್ ಕಂಪ್ಯೂಟರಿನ ಪಕ್ಕದ ಗೋಡೆಗೆ ನಮ್ಮ ಪೇಜಿನಿಂದ ಪ್ರಿಂಟ್ ತೆಗೆದು ಅಮುದಾಳ ಫೋಟೋವನ್ನು ಪಿನ್ ಹೊಡೆದಿದ್ದರು. ಕಾಗದದಲ್ಲಿ ಬಣ್ಣ ಕೆಟ್ಟಿತ್ತು, ಆದರೂ ನಗು ಹಾಗೇ ಇತ್ತು. ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ನನಗೆ ಸಿಟ್ಟು ಬಂದದ್ದು ಒಂದಕ್ಕೇ: ಕೆಳಗಿದ್ದ “ಮಾದವನ್ ಸ್ಟುಡಿಯೋ, ಕಂಬಂ” ಎಂಬ ಸಾಲನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿ ಹಾಕಿದ್ದರು. ತೆಗೆದವರ ಹೆಸರು ಬೇಡ, ಫೋಟೋ ಮಾತ್ರ ಬೇಕು! ಹೇಳಿದೆ. “ಸಾರಿ ಮೇಡಂ” ಎಂದು ರಿಸೆಪ್ಷನ್ ಹುಡುಗಿ ಪೆನ್ನಿನಲ್ಲಿ ಬರೆದು ಸೇರಿಸಿದಳು.

ನವೆಂಬರ್ 10, ಬುಧವಾರ

ದೀಪಾವಳಿ ಕಳೆದು ಮೂರು ದಿನ. ಪೆರಿಯಣ್ಣನ್ ಮಾಮಾ ಮಧ್ಯಾಹ್ನ ಒಬ್ಬರೇ ಬಂದರು. ಒಳಗೆ ಬರಲಿಲ್ಲ, ಬೆಂಚಿನಲ್ಲೂ ಕೂರಲಿಲ್ಲ. ಬಾಗಿಲಲ್ಲಿ ನಿಂತೇ ಕವರ್ ಮುಂದೆ ಹಿಡಿದರು. ಬತ್ತಲಗುಂಡಿಗೆ ಕೊಟ್ಟ ಫೋಟೋ ಮತ್ತು ಜಾತಕ. ವಾಪಸ್ ಬಂದಿವೆ.

ಹುಡುಗನ ಅಪ್ಪ ಮಾರಿಮುತ್ತು ತರಕಾರಿ ವ್ಯಾಪಾರಿ. ಬತ್ತಲಗುಂಡಿನಿಂದ ಟೊಮೇಟೊ, ಬಾಳೆಎಲೆ, ನುಗ್ಗೇಕಾಯಿಯನ್ನು ಕೊಡೈ ಹೋಟೆಲುಗಳಿಗೆ ಹಾಕುತ್ತಾರೆ. ಹೋದ ವಾರ ಬಿಲ್ಲಿಗೆ ಸಹಿ ಹಾಕಿಸಲು ರಿಸೆಪ್ಷನ್ನಿಗೆ ಹೋಗಿದ್ದಾರೆ. ಗೋಡೆಯ ಮೇಲೆ ತಮ್ಮ ಮನೆಗೆ ಬರಬೇಕಾದ ಹುಡುಗಿ.

“ನಮ್ಗೆ ಕೊಟ್ಟಿದ್ದು ಬಾಯಿ ಮುಚ್ಚಿದ ಪಟ, ಹೋಟ್ಲಿಗೆ ಕೊಟ್ಟಿದ್ದು ನಗೋ ಪಟವಾ ಅಂದ್ರು ತಾಯಿ” ಎಂದು ಪೆರಿಯಣ್ಣನ್ ಮಾಮಾ ಹೇಳಿದರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವರು ಕೂಗಲಿಲ್ಲ. “ನೆಗೆಟಿವ್ ಎಲ್ಲಾ ನನ್ ತಾವೇ ಐತೆ. ಎಣಿಸ್ದೆ. ಆರೂ ಐತೆ. ಮತ್ತೆ ಅದು ಅಲ್ಲಿಗೆ ಹೆಂಗೋಯ್ತು?”

ಪ್ರೂಫ್ ಪ್ರಿಂಟ್ ಸ್ಟುಡಿಯೋದ್ದು ಎಂದು ವಿವರಿಸಿದೆ. ನೆಟ್ ಎಂದರೇನು ಎಂದೂ ವಿವರಿಸಿದೆ. ಹೆಸರು ಹಾಕಿಲ್ಲ ಎಂದೆ. ಅವರು ಎಲ್ಲ ಕೇಳಿಸಿಕೊಂಡು, “ಹಂಗಾದ್ರೆ ಅದನ್ನ ವಾಪಸ್ ಇಸ್ಕೊಟ್ಬುಡು” ಎಂದರು. ಯಾರ ಹತ್ತಿರದಿಂದ ಇಸಿದುಕೊಳ್ಳಲಿ?

ನವೆಂಬರ್ 11, ಗುರುವಾರ

ನಿದ್ದೆಯಿಲ್ಲ. ನನ್ನ ತಪ್ಪೇನು? ಒಂದು ಫೋಟೋ ಗೋಡೆಯ ಮೇಲಿದ್ದರೆ ಹುಡುಗಿಗೆ ಏನು ಮೆತ್ತಿಕೊಂಡಿತು? ಮಾರಿಮುತ್ತು ಮನಸ್ಸಿನಲ್ಲಿ ಇದ್ದದ್ದು ಮಾರಿಮುತ್ತುವಿನ ಕೊಳಕು. ನನ್ನ ಹಣೆ ನೋಡಿ ಕ್ಯಾಮೆರಾ ಕಿತ್ತುಕೊಂಡವರೂ ಇಂಥವರೇ.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಕೊನೆಗೆ, “ಆ ಪೊಣ್ಣನ್ನ, ಅಮುದಾನ, ಕೇಳಿದ್ಯಾ?” ಎಂದರು.

“ಏನನ್ನ?”

ಅವರು ಎದ್ದು ಒಳಗೆ ಹೋದರು. ವಯಸ್ಸಾಯಿತು, ಮಾತು ಅರ್ಧಕ್ಕೇ ಬಿಡುತ್ತಾರೆ.

ನವೆಂಬರ್ 13, ಶನಿವಾರ

ಬತ್ತಲಗುಂಡಿಗೆ ಹೋಗಿ ಮಾರಿಮುತ್ತುವನ್ನೇ ಕಂಡೆ. ಮಂಡಿಯಲ್ಲಿ ಟೊಮೇಟೊ ಪೆಟ್ಟಿಗೆಗಳ ಮಧ್ಯೆ ನಿಂತಿದ್ದರು. ದಪ್ಪ ಆಳು, ಕಿವಿಯ ಮೇಲೆ ಪೆನ್ನು.

“ಹುಡುಗಿ ಕೊಟ್ಟಿದ್ದಲ್ಲ ಅಣ್ಣಾ, ಅವಳ ಮನೆಯವರೂ ಕೊಟ್ಟಿದ್ದಲ್ಲ. ಕೊಟ್ಟವಳು ನಾನು. ಅದು ನನ್ನ ಸ್ಟುಡಿಯೋ ಜಾಹೀರಾತು” ಎಂದೆ.

“ನೀನು ಮಾದವನ್ ಹೆಂಡ್ತಿ ತಾನೆ? ಕಲ್ಯಾಣದ ಮಾತಿಗೆ ನಿನ್ನನ್ನ ಯಾರವ್ವಾ ಕಳ್ಸಿದ್ದು?” ಎಂದರು.

“ನಾನೇ ಬಂದೆ. ನಾನು ಮಾಡಿದ ಕೆಲಸಕ್ಕೆ ಅವಳನ್ನ ಯಾಕೆ ಬೇಡ ಅಂತೀರಿ?”

ಆಗ ಅವರು ಪೆಟ್ಟಿಗೆಯ ಮೇಲೆ ಕೂತರು. “ನೋಡವ್ವಾ, ನಾನು ಹುಡ್ಗಿ ಮೇಲೆ ಏನೂ ಹೇಳಿಲ್ಲ. ಬಿಲ್ ಸಹಿಗೆ ಕಾಯ್ತಾ ಇದ್ದೆ. ಪಕ್ಕದಲ್ಲಿ ಇಬ್ರು ಡ್ರೈವರ್‌ಗಳು ಆ ಪಟ ನೋಡ್ತಾ ಆಡಿದ ಮಾತು ನಾನು ಕೇಳಿಸ್ಕೊಂಡೆ. ಮಗನ ಹೆಂಡ್ತೀನ ನೋಡಿದಾಗೆಲ್ಲ ನಂಗೆ ಆ ಮಾತೇ ಕಿವೀಲಿ ಬಂದ್ರೆ ಏನ್ ಮಾಡ್ಲಿ? ನೀನೇ ಹೇಳು.”

ಡ್ರೈವರುಗಳ ನಾಲಿಗೆಗೆ ಅಮುದಾ ಯಾಕೆ ದಂಡ ಕಟ್ಟಬೇಕು ಎಂದು ಕೇಳಿದೆ. ಅವರು ಒಂದು ಲೋಟ ಮಜ್ಜಿಗೆ ತರಿಸಿಕೊಟ್ಟರು. ಕುಡಿಯದೆ ಬಂದೆ. ಬಸ್ಸಿನಲ್ಲಿ ಆ ಡ್ರೈವರುಗಳು ಏನು ಆಡಿರಬಹುದು ಎಂದೇ ತಲೆಯಲ್ಲಿ.

ನವೆಂಬರ್ 16, ಮಂಗಳವಾರ

ಮೊದಲು ಎಸ್‌ಟಿಡಿ ಬೂತಿನಿಂದ ಕೊಡೈಗೆ ಫೋನ್ ಮಾಡಿದೆ. ಗೋಡೆಯ ಮೇಲಿದ್ದ ಪ್ರಿಂಟ್ ಕಿತ್ತುಹಾಕಿ ಎಂದೆ. “ಅದು ಇಲ್ಲವಲ್ಲ ಮೇಡಂ, ಯಾರೋ ಗೆಸ್ಟ್ ತಗೊಂಡು ಹೋದ್ರು” ಎಂದರು ಮ್ಯಾನೇಜರ್. ತಗೊಂಡು ಹೋದರಂತೆ! ಸೋಪಿನ ಡಬ್ಬಿಯಾ ಅದು? ಆಮೇಲೆ ಕ್ಯಾಲೆಂಡರ್ ವಿಷಯ ತಾವೇ ಎತ್ತಿದರು. ಡಿಸೆಂಬರ್ ಮೊದಲ ವಾರ ತೀರ್ಮಾನವಂತೆ. ನಮ್ಮ ಪೇಜನ್ನು ಮಾಲೀಕರಿಗೆ ತೋರಿಸುತ್ತಾರಂತೆ.

ಅಲ್ಲಿಂದ ವಿಮಲ್ ಹತ್ತಿರ ಹೋದೆ. ಐನೂರ ಹನ್ನೆರಡು. ಆ ಫೋಟೋ ತೆಗೆದುಬಿಡು ಎಂದೆ.

“ಆಗಲ್ಲ ಅಕ್ಕಾ.”

“ಆಗಲ್ಲ ಅಂದ್ರೆ? ಬರಲ್ವಾ, ಮಾಡಲ್ವಾ?”

“ಮಾಡಲ್ಲ. ಪೇಜ್ ನನ್ನ ಮೇಲ್ ಹೆಸರಲ್ಲಿದೆ, ಪಾಸ್‌ವರ್ಡ್ ನನ್ನದು. ಈ ಪೇಜ್ ತೋರಿಸಿಯೇ ಜವಳಿ ಅಂಗಡಿಯವರಿಗೆ, ಎರಡು ಲಾಡ್ಜಿನವರಿಗೆ ಮಾತಾಡಿದ್ದೀನಿ. ಆ ಪಟ ತೆಗೆದ್ರೆ ಉಳಿಯೋದು ಜಲಪಾತ. ಒಂಬತ್ತು ಜನ.”

“ಅದು ನನ್ನ ಫೋಟೋ ಕಣೋ!”

“ನಿಮ್ದೇ ಅಕ್ಕಾ. ನೀವೇ ಕೊಟ್ರಿ, ಹಾಕಿದೆ. ಆ ಹುಡುಗೀನ ನೀವು ಕೇಳಿರ್ತೀರಿ ಅಂದುಕೊಂಡಿದ್ದೆ ನಾನು.”

ಎಂಥ ನಾಲಿಗೆ! ಪೂಜೆಗೆ ಕರೆದವನು ಎಂದು ತಮ್ಮನ ಹಾಗೆ ನೋಡಿದ್ದೆ. ಬಾಗಿಲು ದಡ್ಡೆಂದು ಹಾಕಿ ಬಂದೆ.

ನವೆಂಬರ್ 19, ಶುಕ್ರವಾರ

ಅಮುದಾ ಬಂದಳು. ಶಾಲೆ ಮುಗಿಸಿ ನೇರ ಬಂದಿದ್ದಳು, ಕೈಯಲ್ಲಿ ಟಿಫನ್ ಡಬ್ಬಿ. ಅಳುತ್ತಾಳೆ ಎಂದುಕೊಂಡು ಸ್ಟೂಲ್ ಎಳೆದುಕೊಟ್ಟೆ. ಅಳಲಿಲ್ಲ.

ನಾನೇ ಶುರು ಮಾಡಿದೆ. ಮಾರಿಮುತ್ತು ಎಂಥವನು, ವಿಮಲ್ ಎಂಥವನು, ಹೋಟೆಲಿನವರು ಎಂಥವರು, ಎಲ್ಲ ಹೇಳಿದೆ. ಅರ್ಧ ಗಂಟೆ ಆಗಿರಬೇಕು.

“ಆ ಮನೆ ಹೋದ್ರೆ ಹೋಗ್ಲಿ ಅಕ್ಕಾ” ಎಂದಳು. “ಅವರ ಹುಡುಗನ್ನ ನಾನು ನೋಡೂ ಇಲ್ಲ. ಬಸ್ ಹತ್ತಿದ್ರೆ ಯಾರು ನೋಡವ್ರೆ, ಯಾರು ನೋಡಿಲ್ಲ ಅಂತ ಒಂದೊಂದು ಮೊಖಾನೂ ನೋಡ್ತೀನಿ. ಶಾಲೆ ಗೇಟಲ್ಲಿ ನಿಂತಿರೋ ಅಪ್ಪಂದಿರನ್ನೂ ನೋಡ್ತೀನಿ. ಯಾರೂ ನೋಡಿರಲ್ಲ, ಗೊತ್ತು. ಆದ್ರೂ ಎಣಿಸ್ತೀನಿ.”

ಅಂಟಿಸುತ್ತಿದ್ದ ಆಲ್ಬಮ್ ಮುಚ್ಚಿಟ್ಟೆ.

“ನಾನಿನ್ನೂ ನೋಡಿಲ್ಲ ಅಕ್ಕಾ ಅದನ್ನ. ಎಲ್ರೂ ನೋಡವ್ರೆ. ನಂಗೆ ತೋರ್ಸು.”

ಈಗ ನೆನಪಾಗುತ್ತಿದೆ, ಸೆಪ್ಟೆಂಬರ್ ಹದಿಮೂರರಂದು ಪ್ರೂಫ್‌ಗಳನ್ನು ನೋಡಲು ಬಂದದ್ದು ಪೆರಿಯಣ್ಣನ್ ಮಾಮಾ ಒಬ್ಬರೇ. ಮಂಗಳವಾರ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಹೋದ ಮೇಲೆ ವಿಮಲ್ ಮೇಲೆ ಇನ್ನೂ ಸಿಟ್ಟು ಬಂತು.

ನವೆಂಬರ್ 20, ಶನಿವಾರ

ಬಾಳೆಮಂಡಿಯವರ ಆಲ್ಬಮ್ ಅಂಟಿಸಿ ಮುಗಿಯಿತು. ತಲೆ ಕತ್ತರಿಸಿದ ಹನ್ನೊಂದನ್ನೂ ಅಂಟಿಸಿದೆ.

ನವೆಂಬರ್ 23, ಮಂಗಳವಾರ

ಎಂಟೂವರೆ ಬಸ್ಸಿಗೆ ಇಬ್ಬರೂ ತೇನಿಗೆ ಹೋದೆವು. ಅಮುದಾ ಕಿಟಕಿಯ ಕಡೆ ಕೂರಲಿಲ್ಲ, ಒಳಗಡೆ ಕೂತಳು.

ವಿಮಲ್ ಅವಳನ್ನು ನೋಡಿದವನೇ ಕುರ್ಚಿಯಿಂದ ಎದ್ದ. ಎರಡು ತಿಂಗಳಿಂದ ದಿನಾ ನೋಡುತ್ತಿರುವ ಮುಖ ನಡೆದುಕೊಂಡು ಬಂದರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. “ಬನ್ನಿ... ನಮಸ್ಕಾರ” ಎಂದ. ಅವಳು ಮೂರನೆಯ ಗೂಡಿನಲ್ಲಿ ಕೂತಳು. ಪೇಜ್ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ಜಲಪಾತ, ಚಪ್ಪರ, ಎಲೆ ಚೀಲ, ಕೊನೆಗೆ ಅವಳು.

ತುಂಬ ಹೊತ್ತು ನೋಡಿದಳು. “ಚೆನ್ನಾಗಿ ತೆಗ್ದಿದ್ದೀಯಾ ಅಕ್ಕಾ” ಎಂದಳು. ಆಮೇಲೆ ಗೆಸ್ಟ್ ಬುಕ್ ತೆರೆಯಲು ಹೇಳಿದಳು. ವಿಮಲ್, “ಅದೆಲ್ಲಾ ಬೇಡಮ್ಮಾ” ಎಂದ. “ತೆರಿ” ಎಂದೆ ನಾನು.

ಅರವತ್ತನಾಲ್ಕು ಜನ ಬರೆದಿದ್ದರು. ವಿಮಲ್ ಜಾರಿಸುತ್ತಿದ್ದವನ್ನೂ ಬಿಡದೆ ಅವಳು ಓದಿದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಮಿಳು ನನಗೂ ಓದಲು ಬರುತ್ತದೆ. ಬತ್ತಲಗುಂಡಿಗೆ ಹೋಗಿಬಂದ ದಿನದಿಂದ ಯೋಚಿಸುತ್ತಿದ್ದ ಡ್ರೈವರುಗಳ ಮಾತು ಏನೆಂದು ಗೊತ್ತಾಯಿತು. ಅದು ಇಲ್ಲಿ ಸೆಪ್ಟೆಂಬರಿನಿಂದಲೇ ಇತ್ತು.

ಅಮುದಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಅದೇ ಇಂಗ್ಲಿಷ್ ಅಕ್ಷರದ ತಮಿಳಿನಲ್ಲಿ, ಕೀಗಳನ್ನು ನೋಡದೆ ಹೊಡೆದಳು, ಪರೀಕ್ಷೆಗೆ ಕೂತವಳ ಹಾಗೆ. ಹೆಸರು ಬರೆಯುವ ಜಾಗದಲ್ಲಿ “ಫೋಟೋದಲ್ಲಿರುವವಳು” ಎಂದು ಹಾಕಿದಳು. ಕೆಳಗೆ: “ಇದು ನಾನು. ಈ ಫೋಟೋ ಇಲ್ಲಿ ಹಾಕಲು ಕಂಬಂ ಮಾದವನ್ ಸ್ಟುಡಿಯೋದವರು ನನ್ನನ್ನು ಕೇಳಲಿಲ್ಲ. ನೋಡಿ ಬರೆದವರು ಯಾರೂ ನನ್ನನ್ನು ಕೇಳಲಿಲ್ಲ.” ಒತ್ತಿದಳು. ಅರವತ್ತೈದನೆಯದಾಗಿ, ಎಲ್ಲದಕ್ಕಿಂತ ಮೇಲೆ ಬಂದು ಕೂತಿತು. ಹಣೆ ಒರೆಸಿಕೊಂಡು, “ಹೊರಗೆ ನಿಂತಿರ್ತೀನಿ ಅಕ್ಕಾ, ಇಲ್ಲಿ ಸೆಕೆ” ಎಂದು ಹೋದಳು.

ನನ್ನ ಗಂಡನ ಹೆಸರು. ಲೋಕಕ್ಕೆಲ್ಲ ಕಾಣುವ ಹಾಗೆ. ನನಗೂ ಒಂದು ಮಾತು ಹೇಳಿ ಬರೆಯಬಹುದಿತ್ತು.

ವಿಮಲ್ ಬೆವೆತಿದ್ದ. “ಸರಿ ಅಕ್ಕಾ, ಸರಿ. ಪಟ ತೆಗೆದುಬಿಡ್ತೀನಿ” ಎಂದ. ಅವನು ಏನೇನೋ ಒತ್ತಿದ. ಪೇಜ್ ಮತ್ತೆ ಬಂದಾಗ ಅವಳಿದ್ದ ಜಾಗದಲ್ಲಿ ಖಾಲಿ ಚೌಕ. ಅದನ್ನೂ ತೆಗೆದ. ಎಲೆ ಚೀಲದ ಕೆಳಗೆ ನೇರ ಫೋನ್ ನಂಬರ್ ಬಂತು. ಆ ಅರವತ್ತನಾಲ್ಕನ್ನೂ ಅಳಿಸು ಎಂದೆ. ಅಳಿಸಿದ. ಕೆನಡಾದವರದ್ದೂ ಹೋಯಿತು.

“ಈಗ ಇದೊಂದು” ಎಂದು ಅವನು ಅವಳ ಸಾಲಿನ ಮೇಲೆ ಬಾಣ ತಂದ. “ಹೋಟೆಲ್ ಮಾಲೀಕರು ಮುಂದಿನ ವಾರ ನೋಡ್ತಾರೆ. ಇದು ಕಂಡ್ರೆ ನಿಮ್ಮ ಕ್ಯಾಲೆಂಡರ್ ಹೋಯ್ತು. ಅಂಗಡೀನೂ ಹೋಯ್ತು.”

ಅವನ ಕೈಯಿಂದ ಮೌಸ್ ಕಿತ್ತುಕೊಂಡೆ. “ಅವಳು ಬರೆದಿದ್ದು ಅದು. ಅವಳು ಆಚೆ ನಿಂತವಳೆ. ಅವಳನ್ನ ಒಂದು ಮಾತು ಕೇಳದೆ ಅಳಿಸೋಕೆ ನೀನು ಯಾರೋ?” ಎಂದೆ. ಪಕ್ಕದ ಗೂಡುಗಳ ಪರದೆ ಸರಿದು ಎರಡು ತಲೆ ಹೊರಗೆ ಬಂದವು.

“ಅಕ್ಕಾ, ಅದು ಬೈದಿರೋದು ನಿಮ್ಮನ್ನ” ಎಂದ.

“ನಂಗೆ ಓದೋಕೆ ಬರುತ್ತೆ” ಎಂದೆ.

ಹೊರಗೆ ಹೋಗಿ ಅಮುದಾಳನ್ನು ಕೇಳಿದೆ. “ಇರ್ಲಿ ಅಕ್ಕಾ” ಎಂದಳು. ಒಳಗೆ ಬಂದು ವಿಮಲ್‌ಗೆ ಹೇಳಿದೆ, ಇರುತ್ತದೆ ಎಂದು.

ವಾಪಸ್ ಬರುವಾಗ ಅವಳಿಗೆ ಕಿಟಕಿಯ ಕಡೆ ಸೀಟು ಬಿಟ್ಟು ಕೂತೆ. ಉತ್ತಮಪಾಳೆಯಂ ದಾಟಿದರೂ ನನಗೆ ಸಿಟ್ಟು ಇಳಿಯಲಿಲ್ಲ. ಓದಿದವನು, ಕಂಪ್ಯೂಟರ್ ಬಲ್ಲವನು, ಲೋಕವೆಲ್ಲ ತನ್ನ ಕೈಯಲ್ಲಿದೆ ಎನ್ನುವವನು. ಹುಡುಗಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಾಳೆ, ಅವಳನ್ನು ಕೇಳಬೇಕು ಎಂದು ಹೊಳೆಯಬಾರದೇ ಮನುಷ್ಯನಿಗೆ? ಇಂಥವರನ್ನು ಏನೆನ್ನುವುದು.